ಹೊನೊಲುಲುವಿನಿಂದ ಹಿಲೊಗೆ: 347 ಕಿಲೋಮೀಟರು, 37 ನಿಮಿಷ, ನಾಲ್ಕು ಗಂಟೆ

ಅಮೆರಿಕದ ಹವಾಯಿ ದ್ವೀಪಗಳಲ್ಲಿ ಹೊನೊಲುಲು ವಿಮಾನ ನಿಲ್ದಾಣದಿಂದ ಹಿಲೊ ವಿಮಾನ ನಿಲ್ದಾಣಕ್ಕೆ ಎಷ್ಟು ದೂರ, ಎಷ್ಟು ಹೊತ್ತಿನ ಪ್ರಯಾಣ ಎಂದು ಅಂತರ್ಜಾಲದಲ್ಲಿ ಹುಡುಕಿದವರಿಗೆ ಉತ್ತರ ಥಟ್ಟನೆ ಸಿಗುತ್ತದೆ: 216 ಮೈಲಿ, 56 ನಿಮಿಷ. ಎರಡೂ ಸುಳ್ಳಲ್ಲ. ಆದರೆ ಈ ಎರಡು ಅಂಕಿಗಳನ್ನೇ ನೆಚ್ಚಿಕೊಂಡು ಇಡೀ ದಿನದ ಕಾರ್ಯಕ್ರಮ ಹಾಕಿಕೊಂಡರೆ ಏನಾಗುತ್ತದೆ ಎಂಬುದು ನನಗೂ ನನ್ನ ಹೆಂಡತಿಗೂ ಕಳೆದ ಜೂನ್ ತಿಂಗಳಲ್ಲಿ ಅನುಭವಕ್ಕೆ ಬಂದದ್ದರಿಂದ, ಈ ದ್ವೀಪಗಳಿಗೆ ಹೋಗುವ ಯೋಚನೆಯಿರುವ ಕನ್ನಡಿಗರಿಗೆ ಉಪಯೋಗವಾಗಲೆಂದು ಈ ವಿಮಾನಸೇವೆಯ ಗುಣದೋಷಗಳನ್ನು ಬರೆದಿಡುತ್ತಿದ್ದೇನೆ. ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ, ಅವನ ಮನೆಗೆ ಹೋದಾಗ, ಅಲ್ಲಿಂದ ಐದು ಗಂಟೆಯ ಹಾರಾಟದ ದೂರದಲ್ಲಿರುವ ಹವಾಯಿಯನ್ನು ನೋಡಿ ಬನ್ನಿ ಎಂದು ಅವನೇ ಟಿಕೆಟ್ ತೆಗೆದುಕೊಟ್ಟ. ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿದವನು. ದೂರ, ವೇಗ, ಕಾಲ ಎಂಬ ಮೂರು ಪದಗಳು ಒಂದೇ ಸಾಲಿನಲ್ಲಿ ಕಂಡರೆ ಜೇಬಿನಿಂದ ಪೆನ್ನು ತೆಗೆಯುವ ಚಟ ನಿವೃತ್ತಿಯಾದರೂ ಬಿಟ್ಟಿಲ್ಲ.

ಮೊದಲು ಆ ಅಂಕಿಗಳ ವಿಚಾರವನ್ನೇ ನೋಡೋಣ. ಹೊನೊಲುಲು ಇರುವುದು ಒವಾಹು ದ್ವೀಪದಲ್ಲಿ. ಹಿಲೊ ಇರುವುದು, ಎಲ್ಲರೂ ಬಿಗ್ ಐಲೆಂಡ್ ಎಂದು ಕರೆಯುವ ಹವಾಯಿ ದ್ವೀಪದ ಪೂರ್ವ ಕರಾವಳಿಯಲ್ಲಿ. ಭೂಗೋಳದ ಮೇಲೆ ಎರಡೂ ನಿಲ್ದಾಣಗಳ ನಡುವೆ ಅತಿ ಹತ್ತಿರದ ರೇಖೆ ಎಳೆದರೆ ಸುಮಾರು 347 ಕಿಲೋಮೀಟರು ಬರುತ್ತದೆ. ನಾವು ರಸ್ತೆಯ ಮೇಲೆ ಎಣಿಸುವ ಮೈಲಿಯಲ್ಲಿ ಅದು 216. ವಿಮಾನದವರೂ ಹಡಗಿನವರೂ ಎಣಿಸುವ ನಾಟಿಕಲ್ ಮೈಲಿಯಲ್ಲಿ 188. ಕೆಲವು ಪುಟಗಳು ಬರಿಯ 'ಮೈಲಿ' ಎಂದಷ್ಟೇ ಹೇಳಿ 188 ಎಂದು ತೋರಿಸುತ್ತವೆ, ಇನ್ನು ಕೆಲವು 216 ಎನ್ನುತ್ತವೆ. ಎರಡನ್ನೂ ನೋಡಿದವರಿಗೆ ಯಾವುದೋ ಒಂದು ತಪ್ಪಿರಬೇಕೆಂಬ ಅನುಮಾನ ಬರುವುದು ಸಹಜ. ತಪ್ಪು ಯಾವುದೂ ಅಲ್ಲ, ಅಳತೆಗೋಲು ಬೇರೆ ಅಷ್ಟೆ. ಇನ್ನು ಆ 56 ನಿಮಿಷ ಎಲ್ಲಿಂದ ಬಂತು? 216ನ್ನು ಗಂಟೆಗೆ 500 ಮೈಲಿಯ ವೇಗದಿಂದ ಭಾಗಿಸಿದರೆ 26 ನಿಮಿಷ. ಏರುವುದಕ್ಕೂ ಇಳಿಯುವುದಕ್ಕೂ ಎಂದು ಅದರ ಮೇಲೆ ಅರ್ಧ ಗಂಟೆ ಕೂಡಿಸಿದರೆ ಸರಿಯಾಗಿ 56. ಅಂದರೆ ಅಲ್ಲಿ ಯಾರೂ ಯಾವ ವಿಮಾನವನ್ನೂ ನೋಡಿ ಬರೆದಿಲ್ಲ. ಹೈಸ್ಕೂಲು ಹುಡುಗನೊಬ್ಬ ಮಾಡಬಹುದಾದ ಲೆಕ್ಕವನ್ನು ಯಂತ್ರ ಮಾಡಿಟ್ಟಿದೆ. ವಿಮಾನ ಸಂಸ್ಥೆಯ ವೇಳಾಪಟ್ಟಿಯಲ್ಲಿಯೂ ಹೆಚ್ಚುಕಡಿಮೆ ಇಷ್ಟೇ ನಿಮಿಷ ಕಾಣುವುದು ಒಂದು ಆಕಸ್ಮಿಕ. ವೇಳಾಪಟ್ಟಿಯ ಅವಧಿ ಎಂದರೆ ಒಂದು ಗೇಟಿನಿಂದ ಹಿಮ್ಮುಖವಾಗಿ ಕದಲಿದ ಕ್ಷಣದಿಂದ ಇನ್ನೊಂದು ಗೇಟಿನಲ್ಲಿ ನಿಲ್ಲುವ ಕ್ಷಣದವರೆಗಿನ ಕಾಲ. ಚಕ್ರ ನೆಲ ಬಿಟ್ಟಿರುವ ಕಾಲ ಅದಕ್ಕಿಂತ ಸಾಕಷ್ಟು ಕಡಿಮೆ.

ಹೋಲಿಕೆಗೆ ಹೇಳುವುದಾದರೆ, ಬೆಂಗಳೂರಿನಿಂದ ಮಂಗಳೂರಿಗೆ ರಸ್ತೆಯಲ್ಲಿ ಹೋದರೆ ಸುಮಾರು 350 ಕಿಲೋಮೀಟರು. ಆ ದಾರಿಯಲ್ಲಿ ನಮಗೆ ಬಸ್ಸಿದೆ, ರೈಲಿದೆ, ಸ್ವಂತ ಕಾರಿದೆ, ಶಿರಾಡಿಯಲ್ಲಿ ಗುಡ್ಡ ಕುಸಿದರೆ ಚಾರ್ಮಾಡಿಯಿದೆ. ಒವಾಹುವಿನಿಂದ ಬಿಗ್ ಐಲೆಂಡಿಗೆ ವಿಮಾನ ಬಿಟ್ಟರೆ ಸಾಮಾನ್ಯ ಪ್ರಯಾಣಿಕನಿಗೆ ಬೇರೆ ದಾರಿಯಿಲ್ಲ. ಕಾರುಗಳನ್ನೂ ಜನರನ್ನೂ ಒಟ್ಟಿಗೆ ಸಾಗಿಸುವ ಸೂಪರ್‌ಫೆರಿ ಎಂಬ ದೊಡ್ಡ ಹಡಗು 2007ರಲ್ಲಿ ಒವಾಹು ಮತ್ತು ಮೌಯಿ ದ್ವೀಪಗಳ ನಡುವೆ ಸಂಚಾರ ಆರಂಭಿಸಿತ್ತು. ಪರಿಸರದ ಮೇಲಾಗುವ ಪರಿಣಾಮದ ಅಧ್ಯಯನವನ್ನು ಸರಿಯಾಗಿ ಮಾಡಿಲ್ಲವೆಂಬ ವಿವಾದ ಹವಾಯಿಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, ತೀರ್ಪು ವಿರುದ್ಧವಾಗಿ ಬಂದು, 2009ರ ಮಾರ್ಚಿನಲ್ಲಿ ಅದು ನಿಂತೇ ಹೋಯಿತು. ಬಿಗ್ ಐಲೆಂಡಿನವರೆಗೆ ಅದು ಬರಲೇ ಇಲ್ಲ. ಆದ್ದರಿಂದ ಈ ವಿಮಾನವನ್ನು ಪ್ರವಾಸಿಗರ ಸೌಕರ್ಯವೆಂದು ಮಾತ್ರ ತಿಳಿದು ವಿಮರ್ಶಿಸುವುದು ತಪ್ಪಾಗುತ್ತದೆ. ನಾವು ಹೋದ ದಿನ ನಮ್ಮ ಹಿಂದಿನ ನಾಲ್ಕು ಸಾಲುಗಳಲ್ಲಿ ಒಂದು ಶಾಲೆಯ ವಾಲಿಬಾಲ್ ತಂಡದ ಹುಡುಗಿಯರು ತುಂಬಿದ್ದರು. ಪಕ್ಕದ ಸಾಲಿನ ಹಿರಿಯರೊಬ್ಬರು ಹೊನೊಲುಲುವಿನಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಕಪ್ಪು ಕನ್ನಡಕದಲ್ಲಿ ಊರಿಗೆ ಮರಳುತ್ತಿದ್ದರು. ಅನೇಕರ ತೊಡೆಯ ಮೇಲೆ ದಾರ ಕಟ್ಟಿದ ತಿಂಡಿಯ ಡಬ್ಬಗಳಿದ್ದವು. ಒಂದು ದ್ವೀಪದಿಂದ ಇನ್ನೊಂದಕ್ಕೆ ಬರಿಗೈಯಲ್ಲಿ ಹೋಗಬಾರದೆಂಬ ರೂಢಿ ಅಲ್ಲಿ ಇಂದಿಗೂ ಇದೆಯಂತೆ. ಜಪಾನಿನಿಂದ ಕಬ್ಬಿನ ತೋಟಗಳಿಗೆ ದುಡಿಯಲು ಬಂದವರು ತಂದ ಪದ್ಧತಿ ಅದು. ನನಗೆ ಸಾಗರದ ಬಸ್ಸಿನಲ್ಲಿ ಹಲಸಿನ ಹಪ್ಪಳದ ಗಂಟು ಹಿಡಿದು ಮಗಳ ಮನೆಗೆ ಹೊರಟವರು ನೆನಪಾದರು.

ಟಿಕೆಟ್ ತೆಗೆಯುವಾಗ ಎದುರಾಗುವ ಮೊದಲ ಪ್ರಶ್ನೆಯೆಂದರೆ ಹಿಲೊವೋ ಕೋನಾವೋ ಎಂಬುದು. ಬಿಗ್ ಐಲೆಂಡಿಗೆ ಪೂರ್ವದಲ್ಲಿ ಹಿಲೊ, ಪಶ್ಚಿಮದಲ್ಲಿ ಕೋನಾ ಎಂದು ಎರಡು ದೊಡ್ಡ ನಿಲ್ದಾಣಗಳಿವೆ. ಹೊನೊಲುಲುವಿನಿಂದ ಕೋನಾಕ್ಕೆ 262 ಕಿಲೋಮೀಟರು. ಹಿಲೊಗಿಂತ 85 ಕಿಲೋಮೀಟರು ಕಡಿಮೆ, ಹಾರಾಟದಲ್ಲಿ ಹತ್ತು ನಿಮಿಷದ ಆಸುಪಾಸು ಉಳಿತಾಯ. ನಾವು ಮೊದಲು ನೋಡಿದ ಟಿಕೆಟ್ ತಾಣವೊಂದು ಇದನ್ನೇ ಮುಂದಿಟ್ಟು ಕೋನಾವನ್ನೇ ಆರಿಸಿಕೊಳ್ಳಲು ಹೇಳಿತು. ಹಿಲೊಗೇ ಬೇಕೆಂದರೆ ಮೌಯಿ ದ್ವೀಪದಲ್ಲಿ ಇಳಿದು ಎರಡೂವರೆ ಗಂಟೆ ಕಾದು ಇನ್ನೊಂದು ವಿಮಾನ ಹತ್ತುವ ದಾರಿಯನ್ನು 'ಅತ್ಯುತ್ತಮ ಆಯ್ಕೆ' ಎಂಬ ಹಸಿರು ಪಟ್ಟಿಯೊಂದಿಗೆ ತೋರಿಸಿತು. ನೇರ ವಿಮಾನ ದಿನಕ್ಕೆ ಹಲವು ಬಾರಿ ಇರುವಾಗ ಈ ಸಲಹೆ ಹೇಗೆ ಹುಟ್ಟಿತೋ ನನಗೆ ತಿಳಿಯಲಿಲ್ಲ. ಮಗ ಆ ತಾಣವನ್ನು ಮುಚ್ಚಿ ವಿಮಾನ ಸಂಸ್ಥೆಯ ತಾಣದಿಂದಲೇ ತೆಗೆದುಕೊಟ್ಟ. ನಾವು ಹೋಗಬೇಕಾಗಿದ್ದುದು ಕಿಲವೇಯಾ ಜ್ವಾಲಾಮುಖಿ ಇರುವ ರಾಷ್ಟ್ರೀಯ ಉದ್ಯಾನಕ್ಕೆ. ಹಿಲೊದಿಂದ ಅಲ್ಲಿಗೆ ಕಾರಿನಲ್ಲಿ ಮುಕ್ಕಾಲು ಗಂಟೆ. ಕೋನಾದಿಂದ 150 ಕಿಲೋಮೀಟರಿಗೂ ಹೆಚ್ಚು ದೂರ, ಎರಡು ಗಂಟೆಗೂ ಮೀರಿದ ದಾರಿ. ಆಕಾಶದಲ್ಲಿ ಹತ್ತು ನಿಮಿಷ ಉಳಿಸಿ ನೆಲದಲ್ಲಿ ಒಂದೂವರೆ ಗಂಟೆ ಕಳೆಯುವುದು ಯಾವ ಲೆಕ್ಕ? ಸಮುದ್ರತೀರದ ಬಿಸಿಲು, ಹೋಟೆಲು, ಈಜು ಬೇಕಾದವರು ಕೋನಾಕ್ಕೆ ಹೋಗಲಿ. ಜ್ವಾಲಾಮುಖಿ, ಮಳೆಕಾಡು, ಜಲಪಾತ ಬೇಕಾದವರಿಗೆ ಹಿಲೊವೇ ಸರಿ. ದೂರದ ಪಟ್ಟಿಯಲ್ಲಿ ಕಡಿಮೆ ಅಂಕಿ ಕಂಡಿತೆಂದು ನಿಲ್ದಾಣ ಆರಿಸಬಾರದು.

ಬೆಳಗ್ಗೆ 7-50ರ ವಿಮಾನ. ಹೊನೊಲುಲುವಿನ ವೈಕಿಕಿಯಲ್ಲಿ ನಾವು ತಂಗಿದ್ದ ಹೋಟೆಲಿನವರು 5-40ಕ್ಕೆ ವ್ಯಾನು ಬರುತ್ತದೆ ಎಂದಿದ್ದರು, ಬಂದದ್ದು 6-05ಕ್ಕೆ. ಆ ಇಪ್ಪತ್ತೈದು ನಿಮಿಷ ಪಾದಚಾರಿ ದಾರಿಯಲ್ಲಿ ಎರಡು ಸೂಟ್‌ಕೇಸು ಇಟ್ಟುಕೊಂಡು ನಿಂತಿದ್ದೆವು. ಚಾಲಕ ಒಳ್ಳೆಯವನು, ನಗುನಗುತ್ತಲೇ ಕ್ಷಮೆ ಕೇಳಿದ. ನಗುವಿನಿಂದ ಗಡಿಯಾರ ಹಿಂದೆ ಹೋಗುವುದಿಲ್ಲ. ನಿಲ್ದಾಣ ಮುಟ್ಟಿದಾಗ 6-35. ದ್ವೀಪಗಳ ನಡುವಿನ ಪ್ರಯಾಣವೆಂದು ಭದ್ರತಾ ತಪಾಸಣೆಯಲ್ಲಿ ಯಾವ ರಿಯಾಯಿತಿಯೂ ಇಲ್ಲ: ನೀರಿನ ಬಾಟಲಿಯಿಂದ ಲ್ಯಾಪ್‌ಟಾಪಿನವರೆಗೆ ಎಲ್ಲವೂ ನ್ಯೂಯಾರ್ಕಿಗೆ ಹೋಗುವವನಿಗೆ ಇರುವಂತೆಯೇ. ಭಾರತದಿಂದ ಬಂದವರು ಪಾಸ್‌ಪೋರ್ಟನ್ನು ಹೋಟೆಲಿನ ಲಾಕರಿನಲ್ಲಿ ಬಿಟ್ಟು ಹೊರಡಬಾರದು. ಒಂದೇ ರಾಜ್ಯದೊಳಗಿನ ಪ್ರಯಾಣವಾದರೂ ಗುರುತಿಗೆ ಅದೇ ಬೇಕು.

ಹೊನೊಲುಲು ನಿಲ್ದಾಣದ ಬಗ್ಗೆ ಎರಡು ಮಾತು ಹೇಳಲೇಬೇಕು. ದೊಡ್ಡ ನಿಲ್ದಾಣವಾದರೂ ಬಹುಭಾಗ ತೆರೆದ ಹಜಾರಗಳು, ಗಾಳಿ ತಾನಾಗಿ ಓಡಾಡುತ್ತದೆ. ನಡುವೆ 1962ರಿಂದ ಇರುವ ಜಪಾನಿ, ಚೀನೀ, ಹವಾಯಿ ಶೈಲಿಯ ಮೂರು ತೋಟಗಳಿವೆ. ಮೀನುಗಳಿರುವ ಕೊಳದ ಬದಿಯಲ್ಲಿ ಕುಳಿತರೆ ಇದು ವಿಮಾನ ನಿಲ್ದಾಣವೆಂಬುದೇ ಮರೆಯುತ್ತದೆ. ಇಲ್ಲಿನ ಟರ್ಮಿನಲ್‌ಗಳ ನಡುವೆ ಓಡುವ ಬಸ್ಸಿನ ಹೆಸರು 'ವಿಕಿ ವಿಕಿ'. ಹವಾಯಿ ಭಾಷೆಯಲ್ಲಿ ಹಾಗೆಂದರೆ ಬೇಗ ಬೇಗ. ವಾರ್ಡ್ ಕನಿಂಗ್‌ಹ್ಯಾಮ್ ಎಂಬ ಗಣಕ ತಂತ್ರಜ್ಞರು ಯಾರು ಬೇಕಾದರೂ ತಟ್ಟನೆ ತಿದ್ದಬಹುದಾದ ಜಾಲಪುಟವೊಂದನ್ನು 1995ರಲ್ಲಿ ರೂಪಿಸಿದಾಗ ಈ ಬಸ್ಸಿನ ಹೆಸರನ್ನೇ ಅದಕ್ಕೆ ಇಟ್ಟರು; ಅಲ್ಲಿಂದ ಮುಂದೆ ವಿಕಿಪೀಡಿಯ ಬಂತು. ಕನ್ನಡ ವಿಕಿಪೀಡಿಯದಲ್ಲಿ ಭೌತಶಾಸ್ತ್ರದ ಲೇಖನ ತಿದ್ದುವ ನನ್ನಂಥವರಿಗೆ ಆ ಬಸ್ಸನ್ನು ನೋಡಿ ಸಂತೋಷವಾಗದಿದ್ದೀತೇ? ಹತ್ತಿ ಕುಳಿತೆವು. ಅದು ಬೇಗವೇನೂ ಹೋಗಲಿಲ್ಲ.

ನಾವು ಹೋದದ್ದು ಹವಾಯಿಯನ್ ಏರ್‌ಲೈನ್ಸಿನಲ್ಲಿ. ಈ ಸಂಸ್ಥೆ ಹುಟ್ಟಿದ್ದೇ ಈ ದ್ವೀಪಗಳ ನಡುವೆ ಹಾರುವುದಕ್ಕಾಗಿ. 1929ರ ನವೆಂಬರ್ 11ರಂದು, ಇಂಟರ್ ಐಲೆಂಡ್ ಏರ್‌ವೇಸ್ ಎಂಬ ಹೆಸರಿನಲ್ಲಿ, ನೀರಿನ ಮೇಲೂ ನೆಲದ ಮೇಲೂ ಇಳಿಯಬಲ್ಲ ಸಿಕೋರ್ಸ್ಕಿ ಎಸ್-38 ವಿಮಾನಗಳಿಂದ ನಿಗದಿತ ಸಂಚಾರ ಆರಂಭಿಸಿತು. 1941ರಲ್ಲಿ ಈಗಿನ ಹೆಸರು ಬಂತು. 2024ರಲ್ಲಿ ಅಲಾಸ್ಕಾ ಏರ್‌ಲೈನ್ಸಿನ ಒಡೆತನ ಹೊಂದಿರುವ ಗುಂಪು ಇದನ್ನು ಕೊಂಡುಕೊಂಡಿತು. ದ್ವೀಪಗಳ ನಡುವೆ ಹಾರುವುದು ಬೋಯಿಂಗ್ 717 ಎಂಬ ವಿಮಾನ. ನಮ್ಮ ದೇಶದವರು ಇದನ್ನು ಅಷ್ಟಾಗಿ ಕಂಡಿಲ್ಲ. ಎಂಜಿನ್ನುಗಳು ರೆಕ್ಕೆಯ ಕೆಳಗಿಲ್ಲ, ಬಾಲದ ಹತ್ತಿರ ಎರಡೂ ಪಕ್ಕಕ್ಕೆ ಅಂಟಿಕೊಂಡಿವೆ; ಆದ್ದರಿಂದ ಮುಂದಿನ ಸಾಲುಗಳಲ್ಲಿ ಕುಳಿತವರಿಗೆ ಸದ್ದು ಬಹಳ ಕಡಿಮೆ, ಹಿಂದಿನ ಸಾಲಿನವರಿಗೆ ಹಿಟ್ಟಿನ ಗಿರಣಿಯ ಪಕ್ಕ ಕುಳಿತ ಅನುಭವ. ಒಟ್ಟು 156 ವಿಮಾನಗಳನ್ನು ಮಾಡಿ 2006ರಲ್ಲಿ ತಯಾರಿಕೆ ನಿಲ್ಲಿಸಿದರು. ಒಳಗೆ ಓಡಾಡುವ ದಾರಿಯ ಎಡಕ್ಕೆ ಎರಡು, ಬಲಕ್ಕೆ ಮೂರು ಸೀಟು. ಗಂಡಹೆಂಡಿರಿಬ್ಬರೇ ಹೋಗುವಾಗ ಎಡಗಡೆಯ ಜೋಡಿ ಸೀಟಿಗಿಂತ ಒಳ್ಳೆಯದು ಬೇರೊಂದಿಲ್ಲ. ಮೂರನೆಯವರ ಮೊಣಕೈಯ ಕಾಟವಿಲ್ಲ. ಸೀಟಿನ ದಿಂಬು ತೆಳ್ಳಗಿದೆ, ಮುಂದೆ ಪರದೆಯಿಲ್ಲ, ಮೊಬೈಲ್ ಚಾರ್ಜಿಗೆ ಅನುಕೂಲವಿಲ್ಲ. ಅರ್ಧ ಗಂಟೆಯ ಪ್ರಯಾಣಕ್ಕೆ ಅವು ಬೇಕೆನ್ನುವವರ ಮೇಲೆ ನನಗೆ ಸಹಾನುಭೂತಿಯಿಲ್ಲ.

7-48ಕ್ಕೆ ಗೇಟು ಬಿಟ್ಟೆವು. ಆಮೇಲೆ ವಿಮಾನ ನೆಲದ ಮೇಲೆಯೇ ಹೋಗುತ್ತ ಹೋಗುತ್ತ ಇದ್ದಾಗ, 'ರೀ, ಇದು ಹಿಲೊಗೆ ರಸ್ತೆಯಲ್ಲೇ ಹೋಗುತ್ತದೋ ಹೇಗೆ?' ಎಂದಳು ಹೆಂಡತಿ. ಕಾರಣವಿದೆ. ಈ ನಿಲ್ದಾಣದ ಉದ್ದನೆಯ ರನ್‌ವೇಗಳಲ್ಲೊಂದನ್ನು ಸಮುದ್ರದೊಳಗಿನ ಹವಳದ ದಿಬ್ಬದ ಮೇಲೆ ಕಟ್ಟಿದ್ದಾರೆ. 12,000 ಅಡಿ ಉದ್ದದ ಅದು 1977ರಲ್ಲಿ ಬಳಕೆಗೆ ಬಂತು. ನಗರದ ಮೇಲೆ ಸದ್ದು ಬೀಳದಿರಲೆಂದು ವಿಮಾನಗಳನ್ನು ಆ ತುದಿಗೆ ಕಳುಹಿಸುತ್ತಾರೆ, ಅಲ್ಲಿಗೆ ಹೋಗಿ ಸರದಿಯಲ್ಲಿ ನಿಲ್ಲುವುದಕ್ಕೇ ಹತ್ತು ಹನ್ನೆರಡು ನಿಮಿಷ ಹಿಡಿಯುತ್ತದೆ. ನನ್ನ ಕೈಗಡಿಯಾರದ ಪ್ರಕಾರ ಚಕ್ರ ನೆಲ ಬಿಟ್ಟದ್ದು 8-01ಕ್ಕೆ.

ಹಾರಾಟದ ವಿಚಾರದಲ್ಲಿ ನನಗೆ ದೂರಲು ಏನೂ ಇಲ್ಲ. ಡೈಮಂಡ್ ಹೆಡ್ ಎಂಬ ಹಳೆಯ ಜ್ವಾಲಾಮುಖಿಯ ಬಟ್ಟಲು ಎಡಕ್ಕೆ ಸರಿಯುತ್ತಿದ್ದಂತೆಯೇ ಮೊಲೊಕಾಯ್ ದ್ವೀಪದ ಕೆಂಪು ಮಣ್ಣಿನ ಅಂಚು ಬಂತು. ಅದು ಮುಗಿಯುವ ಮೊದಲೇ ಮೌಯಿ. ಮೌಯಿಯ ಮೇಲೆ ಮೋಡದ ಹಾಸಿಗೆಯಿಂದ ತಲೆ ಹೊರಗಿಟ್ಟ, 3,055 ಮೀಟರ್ ಎತ್ತರದ ಹಲೆಯಕಲಾ. ಮೋಡವೆಲ್ಲ ಅದರ ಸೊಂಟದ ಮಟ್ಟದಲ್ಲಿ ನಿಂತುಬಿಟ್ಟಿತ್ತು, ಶಿಖರದ ಮೇಲೆ ಒಂದು ತುಣುಕೂ ಇರಲಿಲ್ಲ. ಪೂರ್ವದಿಂದ ಬೀಸುವ ವಾಣಿಜ್ಯ ಮಾರುತಗಳು ಹೊತ್ತು ತರುವ ತೇವ ಒಂದು ಎತ್ತರದವರೆಗೆ ಮಾತ್ರ ಏರಬಲ್ಲದು, ಅದರ ಮೇಲಿನ ಬೆಚ್ಚಗಿನ ಒಣ ಗಾಳಿಯ ಪದರ ಮುಚ್ಚಳದಂತೆ ಅದನ್ನು ತಡೆಯುತ್ತದೆ ಎಂದು ಎಷ್ಟೋ ವರ್ಷ ಕಪ್ಪು ಹಲಗೆಯ ಮೇಲೆ ಚಿತ್ರ ಬರೆದಿದ್ದೆ. ಆ ಮುಚ್ಚಳವನ್ನು ಕಣ್ಣಿನಿಂದ ನೋಡಿದ್ದು ಅಂದೇ. ಅಷ್ಟರಲ್ಲಿ ಗಗನಸಖಿ ಕಿತ್ತಳೆ, ಸೀಬೆ, ಪ್ಯಾಶನ್ ಫ್ರೂಟ್ ಸೇರಿಸಿದ ರಸವನ್ನು, ಮೇಲೆ ತವರದ ಹಾಳೆ ಅಂಟಿಸಿದ ಪುಟ್ಟ ಲೋಟಗಳಲ್ಲಿ ಹಂಚಿಕೊಂಡು ಬಂದರು. ಇದಕ್ಕೆ ದುಡ್ಡಿಲ್ಲ. ಕೊಟ್ಟು ಮುಗಿಸಿದ ಹತ್ತು ನಿಮಿಷಕ್ಕೆಲ್ಲ ಖಾಲಿ ಲೋಟ ಕೇಳಿಕೊಂಡು ಬಂದರು. ಹೆಂಡತಿ ಇನ್ನೂ ಹಾಳೆ ಬಿಡಿಸುತ್ತಿದ್ದಳು.

ಇಲ್ಲಿ ಒಂದು ಹಳೆಯ ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ಹಾರಾಟದ ಅವಧಿ ಎಂಬ ಅಂಕಿಗೆ ಬಹಳ ದೊಡ್ಡ ಅರ್ಥವಿದೆ ಎಂಬುದು ಜಗತ್ತಿಗೆ ಮನದಟ್ಟಾದದ್ದು ಇದೇ ಮಾರ್ಗದಲ್ಲಿ. 1988ರ ಏಪ್ರಿಲ್ 28ರಂದು ಅಲೋಹಾ ಏರ್‌ಲೈನ್ಸಿನ ಬೋಯಿಂಗ್ 737 ಒಂದು ಹಿಲೊದಿಂದ ಹೊನೊಲುಲುವಿಗೆ ಹೊರಟಿತ್ತು. 24,000 ಅಡಿ ಎತ್ತರದಲ್ಲಿ ಅದರ ಮುಂಭಾಗದ ಮಾಡು ಸುಮಾರು ಐದೂವರೆ ಮೀಟರ್ ಉದ್ದಕ್ಕೆ ಕಿತ್ತುಹೋಯಿತು. ಗಗನಸಖಿಯೊಬ್ಬರು ಹೊರಕ್ಕೆ ಸೆಳೆಯಲ್ಪಟ್ಟು ಪ್ರಾಣ ಕಳೆದುಕೊಂಡರು. ಉಳಿದ 94 ಜನರನ್ನು ಪೈಲಟ್‌ಗಳು ಮೌಯಿಯ ಕಹುಲುಯಿ ನಿಲ್ದಾಣದಲ್ಲಿ ಇಳಿಸಿದರು. ಆ ವಿಮಾನಕ್ಕೆ ಹತ್ತೊಂಬತ್ತು ವರ್ಷ. ಹಾರಿದ ಗಂಟೆಗಳು 35,496. ಆದರೆ ಏರಿ ಇಳಿದದ್ದು 89,680 ಬಾರಿ. ಭಾಗಿಸಿ ನೋಡಿದರೆ ಒಂದೊಂದು ಹಾರಾಟಕ್ಕೆ ಸರಾಸರಿ 24 ನಿಮಿಷ. ದೂರದ ಊರುಗಳಿಗೆ ಹಾರುವ ವಿಮಾನ ಅಷ್ಟು ಗಂಟೆಗಳಲ್ಲಿ ಇದರ ಸಣ್ಣ ಪಾಲಿನಷ್ಟು ಬಾರಿ ಮಾತ್ರ ಏರಿ ಇಳಿಯುತ್ತದೆ. ಪ್ರತಿ ಸಲ ಏರಿದಾಗಲೂ ಒಳಗಿನ ಗಾಳಿಯ ಒತ್ತಡಕ್ಕೆ ವಿಮಾನದ ಚರ್ಮ ಬಲೂನಿನಂತೆ ತುಸು ಹಿಗ್ಗುತ್ತದೆ, ಇಳಿದಾಗ ಕುಗ್ಗುತ್ತದೆ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಿದ್ದರೆ ಮುರಿಯುವ ಹಾಗೆ, ಉಪ್ಪುಗಾಳಿಯಲ್ಲಿ ಅಂಟು ಬಿಟ್ಟುಹೋಗಿದ್ದ ಜೋಡಣೆಗಳಲ್ಲಿ ರಿವೆಟ್ಟುಗಳ ಸಾಲಿನಗುಂಟ ಬಿರುಕುಗಳು ಬೆಳೆದಿದ್ದವು. ಹಳೆಯ ವಿಮಾನದ ವಯಸ್ಸನ್ನು ವರ್ಷದಿಂದಾಗಲಿ ಗಂಟೆಯಿಂದಾಗಲಿ ಅಳೆದರೆ ಸಾಲದು, ಏರಿಳಿತಗಳ ಎಣಿಕೆಯೇ ಮುಖ್ಯ ಎಂಬ ಎಚ್ಚರ ಅಮೆರಿಕದ ವಿಮಾನಯಾನ ವ್ಯವಸ್ಥೆಯಲ್ಲಿ ಬೇರೂರಿದ್ದು ಈ ಅಪಘಾತದ ನಂತರ. ಇದನ್ನು ಓದಿ ಯಾರೂ ಹೆದರಬೇಕಾಗಿಲ್ಲ. ಅಂದಿನಿಂದ ತಪಾಸಣೆಯ ಕ್ರಮಗಳು ಬಹಳ ಬಿಗಿಯಾಗಿವೆ. ಹೆಂಡತಿಗೆ ಮಾತ್ರ ಈ ಕಥೆಯನ್ನು ಇಳಿದ ಮೇಲೆಯೇ ಹೇಳಿದೆ.

8-38ಕ್ಕೆ ಇಳಿದೆವು. ನೆಲ ಬಿಟ್ಟು ನೆಲ ಮುಟ್ಟಲು 37 ನಿಮಿಷ, 8-42ಕ್ಕೆ ಗೇಟು, ಒಟ್ಟು 54 ನಿಮಿಷ. ಯಂತ್ರದ 56ಕ್ಕೂ ನಿಜಕ್ಕೂ ಎರಡೇ ನಿಮಿಷದ ವ್ಯತ್ಯಾಸವಾದ್ದರಿಂದ ಹೈಸ್ಕೂಲು ಹುಡುಗನಿಗೆ ಪೂರ್ಣಾಂಕ ಕೊಡಲೇಬೇಕಾಯಿತು.

ಹಿಲೊ ನಿಲ್ದಾಣ ನನಗೆ ಬಹಳ ಹಿಡಿಸಿತು. ವಿಮಾನದ ಬಾಗಿಲು ದಾಟುತ್ತಿದ್ದಂತೆ ಒದ್ದೆ ಮಣ್ಣಿನ ವಾಸನೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು. ಆಗುಂಬೆಯವರು ಇದನ್ನು ಮಳೆಯೆಂದು ಒಪ್ಪಲಾರರು, ಆದರೆ ಇದು ಜೂನ್‌ನಿಂದ ಸೆಪ್ಟೆಂಬರಿಗೆ ಮುಗಿಯುವ ಮಳೆಯಲ್ಲ, ವರ್ಷವಿಡೀ ರಾತ್ರಿಯೋ ಹಗಲೋ ಬಂದು ಹೋಗುತ್ತಲೇ ಇರುವ ಮಳೆ. ಛಾವಣಿಯಿಂದ ನೀರಿಳಿಯುವ ಹಜಾರ, ಅಂಗಳದಲ್ಲಿ ಜರೀಗಿಡಗಳು, ಬಂಧುಗಳ ಕೊರಳಿಗೆ ಹಾಕಲು ಹೂಮಾಲೆ ಹಿಡಿದು ನಿಂತ ನಾಲ್ಕಾರು ಜನ. ಲಗೇಜು ಬರುವ ಪಟ್ಟಿಯಿಂದ ಬೀದಿಗೆ ನೂರು ಹೆಜ್ಜೆಯೂ ಇಲ್ಲ. ನಮ್ಮ ಸೂಟ್‌ಕೇಸುಗಳು ಹತ್ತು ನಿಮಿಷದಲ್ಲಿ ಬಂದವು. ಅವಕ್ಕೆ ಬೇರೆಯಾಗಿ ಹಣ ತೆರಬೇಕಾಯಿತು. ಎರಡು ರಾತ್ರಿಯ ಪ್ರವಾಸಕ್ಕೆ ಹೋಗುವವರು ಒಂದು ಕೈಚೀಲದಲ್ಲಿ ಮುಗಿಸಿಕೊಂಡರೆ ಹಣವೂ ಉಳಿಯುತ್ತದೆ, ಹೊತ್ತೂ ಉಳಿಯುತ್ತದೆ. ಏಪ್ರಿಲ್ ಸುಮಾರಿಗೆ, ಈಸ್ಟರ್ ಹಬ್ಬದ ನಂತರದ ವಾರ ಹಿಲೊದಲ್ಲಿ ಮೆರಿ ಮೊನಾರ್ಕ್ ಎಂಬ ಹೂಲಾ ನೃತ್ಯದ ದೊಡ್ಡ ಉತ್ಸವ ನಡೆಯುತ್ತದೆ; ಆ ದಿನಗಳಲ್ಲಿ ಟಿಕೆಟ್ ಸಿಗುವುದು ದಸರೆಗೆ ಮೈಸೂರಿನಲ್ಲಿ ಕೋಣೆ ಸಿಕ್ಕ ಹಾಗೆಯೇ.

ಅಸಮಾಧಾನವೆಂದರೆ ಕಾರಿನದು. ಬಾಡಿಗೆ ಕಾರಿಗೆ ಮುಂಚೆಯೇ ಹಣ ಕಟ್ಟಿ ಗುರುತಿನ ಸಂಖ್ಯೆ ಪಡೆದಿದ್ದರೂ, ನಮ್ಮ ಕಾರು ಕೊಡಬೇಕಾದ ಕಂಪನಿಯ ಕಟ್ಟೆಯಲ್ಲಿ ಇದ್ದದ್ದು ಒಬ್ಬಳೇ ಹುಡುಗಿ. ಒಂದು ವಿಮಾನದಿಂದ ನೂರಕ್ಕೂ ಹೆಚ್ಚು ಜನ ಇಳಿಯುತ್ತಾರೆ ಎಂಬುದು ದಿನವೂ ಗೊತ್ತಿರುವ ವಿಷಯ; ಹಾಗಿದ್ದೂ ಹದಿನಾಲ್ಕು ಜನರ ಸಾಲಿನ ಮುಂದೆ ಒಬ್ಬಳೇ ನಿಂತು, ಪ್ರತಿಯೊಬ್ಬರಿಗೂ ಬೇಡದ ವಿಮೆಯನ್ನು ವಿವರಿಸುವ ಕೆಲಸ ಅವಳದು. ಪಾಪ, ಅವಳ ತಪ್ಪೇನೂ ಅಲ್ಲ. ಕಾರಿನ ಬೀಗದ ಕೈ ನಮ್ಮ ಕೈಗೆ ಬಂದಾಗ 9-40. ಹೋಟೆಲಿನ ಮುಂದೆ ಸೂಟ್‌ಕೇಸು ಇಟ್ಟುಕೊಂಡು ನಿಂತ 5-40ರಿಂದ ಎಣಿಸಿದರೆ ಸರಿಯಾಗಿ ನಾಲ್ಕು ಗಂಟೆ. ಅದರಲ್ಲಿ ಆಕಾಶದಲ್ಲಿದ್ದದ್ದು ಏಳನೆಯ ಒಂದು ಪಾಲಿಗಿಂತ ತುಸು ಹೆಚ್ಚು. ಬೆಳಗ್ಗೆ ಒಂಬತ್ತೂವರೆಗೆಲ್ಲ ಜ್ವಾಲಾಮುಖಿಯ ಬಾಯಿಯ ಬಳಿ ಇರುತ್ತೇವೆಂದು ಮಗನಿಗೆ ಹೇಳಿದ್ದೆವು. 'ಅಪ್ಪಾ, ತಲುಪಿದಿರಾ?' ಎಂದು ಅವನು ಎರಡು ಬಾರಿ ಫೋನ್ ಮಾಡಿದಾಗಲೂ ನಾವು ಆ ಸಾಲಿನಲ್ಲೇ ಇದ್ದೆವು. ಈ ಮಾರ್ಗದಲ್ಲಿ ಹೋಗುವವರು ವಿಮಾನದ ಸಮಯವನ್ನು ನಿಮಿಷದಲ್ಲಿ ನೋಡಲಿ, ತಮ್ಮ ಸಮಯವನ್ನು ಅರ್ಧ ದಿನವೆಂದೇ ಇಟ್ಟುಕೊಳ್ಳಲಿ. ಹಿಲೊವನ್ನು ಬೆಳಗ್ಗೆ ಹೋಗಿ ಸಂಜೆ ಬರುವ ಊರೆಂದು ಮಾರುವವರ ಮಾತಿಗೆ ಮರುಳಾಗದೆ ಕನಿಷ್ಠ ಎರಡು ರಾತ್ರಿ ಉಳಿಯುವುದು ಲೇಸು.

ಎರಡು ದಿನ ಬಿಟ್ಟು ಮಧ್ಯಾಹ್ನದ ವಿಮಾನದಲ್ಲಿ ಹಿಂದಿರುಗಿದೆವು. ಮತ್ತೆ ಎಡಗಡೆಯ ಜೋಡಿ ಸೀಟನ್ನೇ ಹಿಡಿದೆ. ಮುಖ ತಿರುಗಿರುವುದರಿಂದ ಹೋಗುವಾಗ ಮೌಯಿಯನ್ನು ತೋರಿಸಿದ ಎಡಗಡೆ ಬರುವಾಗ ಬಿಗ್ ಐಲೆಂಡಿನ ಬೆಟ್ಟಗಳನ್ನು ತೋರಿಸುತ್ತದೆ. 4,207 ಮೀಟರ್ ಎತ್ತರದ ಮೌನಾ ಕೇಯಾದ ನೆತ್ತಿಯ ಮೇಲೆ ದೂರದರ್ಶಕಗಳ ಬಿಳಿಯ ಗುಮ್ಮಟಗಳು ಉದ್ದಿನ ಕಾಳಿನಂತೆ ಕಂಡವು. ಅಲ್ಲಿ ಕಟ್ಟಬೇಕೆಂದು ಯೋಜಿಸಿದ ಮೂವತ್ತು ಮೀಟರ್ ದೂರದರ್ಶಕದಲ್ಲಿ ಭಾರತವೂ ಪಾಲುದಾರ. ಅದರ ಕನ್ನಡಿಯ ತುಣುಕುಗಳಲ್ಲಿ ಒಂದು ಭಾಗವನ್ನು ಉಜ್ಜಿ ನಯಗೊಳಿಸಲು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ತನ್ನ ಹೊಸಕೋಟೆಯ ಆವರಣದಲ್ಲಿ ಕಾರ್ಯಾಗಾರವನ್ನೇ ಕಟ್ಟಿದೆ. ಆ ಬೆಟ್ಟವನ್ನು ಪವಿತ್ರವೆಂದು ಪೂಜಿಸುವ ಹವಾಯಿ ಮೂಲನಿವಾಸಿಗಳು 2019ರಲ್ಲಿ ರಸ್ತೆಗಡ್ಡವಾಗಿ ತಿಂಗಳುಗಟ್ಟಲೆ ಕುಳಿತರು, ದೂರದರ್ಶಕ ಅಲ್ಲಿ ಮೇಲೇಳಲಿಲ್ಲ. ಹಿಲೊದ ಹೋಟೆಲಿನಲ್ಲಿ ಆ ವಿಷಯ ತೆಗೆದಾಗ ಅಲ್ಲಿಯವರೇ ಇಬ್ಬರು ಎರಡು ಅಭಿಪ್ರಾಯ ಹೇಳಿದ್ದರು.

ಗಡಿಯಾರ ನೋಡುವ ಕೆಲಸವನ್ನು ಬರುವಾಗಲೂ ಬಿಡಲಿಲ್ಲ. ಅದೇ 347 ಕಿಲೋಮೀಟರು, ಅದೇ ಬಗೆಯ ವಿಮಾನ. ಆದರೆ ಚಕ್ರ ನೆಲ ಬಿಟ್ಟು ಮುಟ್ಟಲು 44 ನಿಮಿಷ, ಹೋಗುವಾಗಿನದಕ್ಕಿಂತ ಏಳು ನಿಮಿಷ ಹೆಚ್ಚು. ಪೂರ್ವದಿಂದ ಬೀಸುವ ವಾಣಿಜ್ಯ ಮಾರುತಕ್ಕೆ ಎದುರಾಗಿಯೇ ಏರಬೇಕು, ಎದುರಾಗಿಯೇ ಇಳಿಯಬೇಕು. ಹೊನೊಲುಲುವಿನಿಂದ ಪೂರ್ವಕ್ಕೆ ಹಾರಿದ ವಿಮಾನ ಮೂಗನ್ನು ತುಸು ಬಲಕ್ಕೆ ತಿರುಗಿಸಿದರೆ ಸಾಕು, ಹಿಲೊದ ದಾರಿಯಲ್ಲಿರುತ್ತದೆ. ಹಿಲೊದಿಂದ ಪೂರ್ವಕ್ಕೆ ಹಾರಿದ್ದು ಮಾತ್ರ ಸಮುದ್ರದ ಮೇಲೆ ಪೂರ್ತಿ ಹಿಂದಿರುಗಿ ಬರಬೇಕು. ಇತ್ತ ಹೊನೊಲುಲು ಕಣ್ಣಿಗೆ ಕಂಡ ಮೇಲೂ, ಅದನ್ನು ಬಲಕ್ಕೆ ಬಿಟ್ಟು ಪಶ್ಚಿಮದ ಬಯಲಿನ ತನಕ ಹೋಗಿ, ಅಲ್ಲಿ ಮತ್ತೊಮ್ಮೆ ತಿರುಗಿ ಬಂದು ಇಳಿಯಬೇಕು. ನಾವು ತಂಗಿದ್ದ ವೈಕಿಕಿಯ ಹೋಟೆಲನ್ನು ಹೆಂಡತಿ ಮೇಲಿನಿಂದಲೇ ಗುರುತಿಸಿದಳು. ಅದರ ಬಾಗಿಲಿಗೆ ನಾವು ತಲುಪಿದ್ದು ಅದಾದ ಒಂದು ಗಂಟೆ ಐವತ್ತು ನಿಮಿಷಕ್ಕೆ.